ಕೋಡಿಯಿಲ್ಲದ ಹೊಂಡ

ಕಾಗದದ ಮೇಲೆ ನಾನು ತೋಡಿದಷ್ಟು ಹೊಂಡಗಳನ್ನು ನಮ್ಮ ಕಡೆ ಯಾವ ಜೆಸಿಬಿಯೂ ತೋಡಿರಲಿಕ್ಕಿಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ ತುಮಕೂರಿನ ಒಂದು ಸಣ್ಣ ಆಫೀಸಿಗೆ ಸೇರಿದವಳು ಹದಿನಾಲ್ಕು ವರ್ಷ ಅಲ್ಲೇ ಇದ್ದೆ. ಗಣಿಗಳಿಗೆ, ಕಲ್ಲುಕ್ವಾರಿಗಳಿಗೆ ನಕ್ಷೆ ಮತ್ತು ವರದಿ ಮಾಡಿಕೊಡುವುದು ಆ ಆಫೀಸಿನ ಕೆಲಸ. ಮನೆ ಕುಣಿಗಲ್‌ನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಐದೂವರೆಯ ಬಸ್ಸಿಗೆ ವಾಪಸ್ಸು. ಮಧ್ಯದ ಹೊತ್ತಿನಲ್ಲಿ ನಾನು ನೋಡೇ ಇರದ ಗುಡ್ಡಗಳ ಕೆಳಗೆ ಹೊಂಡಗಳನ್ನು ಬರೆಯುತ್ತಿದ್ದೆ.

ಗಣಿ ಎಂದರೆ ಚರ್ಮ ಸುಲಿದ ಗುಡ್ಡ. ಮಳೆ ಬಂದರೆ ಮಣ್ಣೆಲ್ಲ ನೀರಿನ ಜೊತೆ ಕೆಳಗಿಳಿಯುತ್ತದೆ. ಆ ಕೆಂಪು ನೀರನ್ನು ತಡೆದು ನಿಲ್ಲಿಸಿ, ಹೂಳು ತಳಕ್ಕೆ ಕೂರುವಷ್ಟು ಹೊತ್ತು ಕೊಟ್ಟು, ತಿಳಿಯಾದ ಮೇಲೆ ಹಳ್ಳಕ್ಕೆ ಬಿಡಬೇಕು. ಅದಕ್ಕೆ ಹೂಳಿನ ಹೊಂಡ. ಅಂಥ ಹೊಂಡಕ್ಕೆ ಬೇಕಾದದ್ದು ಬಹಳವೇನಿಲ್ಲ. ಅಗಲಕ್ಕಿಂತ ಉದ್ದ ಮೂರು ಪಟ್ಟಾದರೂ ಇರಬೇಕು. ನೀರು ಒಂದು ತುದಿಯಲ್ಲಿ ಬಂದು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮಣ್ಣು ಕೂತಿರಬೇಕು. ಏರಿಯನ್ನು ಒಳ್ಳೆಯ ಜೇಡಿಮಣ್ಣಿನಲ್ಲಿ ಪದರ ಪದರವಾಗಿ, ನೀರು ಚಿಮುಕಿಸಿ, ರೋಲರ್ ಓಡಿಸಿ ಕಟ್ಟಬೇಕು. ಹೆಚ್ಚಾದ ನೀರು ಏರಿಯನ್ನು ಕೊರೆಯದೆ ಹರಿದುಹೋಗಲು ಪಕ್ಕದ ಗಟ್ಟಿ ನೆಲದಲ್ಲಿ, ಏರಿಯ ತಲೆಗಿಂತ ಸಾಕಷ್ಟು ಕೆಳಗೆ, ಕಲ್ಲು ಹಾಸಿದ ಕೋಡಿ ಇರಬೇಕು. ಸುತ್ತ ಬೇಲಿ, ಬಿದ್ದವರನ್ನು ಎಳೆದುಕೊಳ್ಳಲು ದಡದಲ್ಲೊಂದು ಹಗ್ಗ. ನಮ್ಮ ಕೆರೆಗಳನ್ನು ಕಟ್ಟಿದವರಿಗೆ ಇದರಲ್ಲಿ ಮುಕ್ಕಾಲು ಪಾಲು ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಬ್ಬಿ ತಾಲ್ಲೂಕಿನ ಒಂದು ಗುಡ್ಡದ ಮೇಲೆ ಅದಿರಿನ ಗಣಿಯೊಂದಿತ್ತು. ಅದರ ಹೆಸರು ಇಲ್ಲಿ ಬೇಡ. ಅದರ ಹೊಂಡದ ನಕ್ಷೆ ನನ್ನದು. ಕಟ್ಟಿ ಮುಗಿಸಿದ್ದೇವೆ, ನಕ್ಷೆಯಂತೆ ಇದೆ ಎಂದು ಒಂದು ಸರ್ಟಿಫಿಕೇಟ್ ಬೇಕು ಎಂದು ಗಣಿಯವರು ಕೇಳಿದಾಗ ನಮ್ಮ ಯಜಮಾನರು ನನ್ನನ್ನು ಕಳಿಸಿದರು. ಯಜಮಾನರು ಎಂದರೆ ಆಫೀಸಿನ ಒಡೆಯರು. ಮಾತು ಮೃದು, ಹಣೆಯ ಮೇಲೆ ಸದಾ ವಿಭೂತಿ, ಸಿಟ್ಟು ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಕೆಡುಕು ಮಾಡುವವರ ಗಂಟಲು ಜೋರಾಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ.

ಜೀಪು ನನ್ನನ್ನು ಹೊಂಡದ ಏರಿಯ ಮೇಲೆ ಇಳಿಸಿತು. ಅಲ್ಲಿ ಡೀಸೆಲ್ ಪಂಪಿನ ಪಕ್ಕ ಒಬ್ಬರು ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದರು. ಐವತ್ತು ದಾಟಿದ ವಯಸ್ಸು, ತಲೆಗೆ ಟವೆಲ್ಲು. ಹೊಂಡದ ನೀರನ್ನು ಹೊರಹಾಕುವ ಆ ಪಂಪು ನೋಡಿಕೊಳ್ಳುವವರು. ನಾನು ನಕ್ಷೆ ಬಿಚ್ಚಿ ಜೀಪಿನ ಬಾನೆಟ್ ಮೇಲೆ ಹಾಸಿದೆ. ಅವರು ಎದ್ದು ಬಂದು ಪಕ್ಕದಲ್ಲಿ ನಿಂತರು.

"ಇದೇನಾ ಮೇಡಮ್ಮೋರೆ ಈ ಹೊಂಡ?"

"ಹೌದು."

"ಕೋಡಿ ಎಲ್ಲೈತೆ?"

ನಾನು ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು, ತಲೆಯೆತ್ತಿ ಹೊಂಡ ನೋಡಿದರು, ಮತ್ತೆ ನಕ್ಷೆ ನೋಡಿದರು.

"ಪೇಪರ್ನಾಗೆ ಚೆನ್ನಾಗೈತೆ ಬುಡಿ. ಇಲ್ಲಿಲ್ಲ."

ಇರಲಿಲ್ಲ. ಕೋಡಿಯ ಜಾಗದಲ್ಲಿ ಏರಿಯೊಳಗೆ ಒಂದು ಪ್ಲಾಸ್ಟಿಕ್ ಪೈಪು ತೂರಿಸಿದ್ದರು, ಅದರ ಬಾಯಿಗೆ ಆಗಲೇ ಒಣಹುಲ್ಲು ಕಟ್ಟಿಕೊಂಡಿತ್ತು. ಉದ್ದದ ಹೊಂಡ ಚೌಕವಾಗಿತ್ತು. ಲಾರಿ ತಿರುಗಲು ಜಾಗ ಬೇಕೆಂದು ಅರ್ಧ ಕತ್ತರಿಸಿದ್ದರು. ನೀರು ಬರುವ ಕಾಲುವೆ, ನೀರು ಹೋಗುವ ಪೈಪು ಎರಡೂ ಒಂದೇ ಮೂಲೆಯಲ್ಲಿ. ಅಂದರೆ ಕೆಸರು ನೀರು ಬಂದ ದಾರಿಗೆ ಹಾಗೇ ಹೊರಗೆ ಹೋಗುತ್ತದೆ, ಉಳಿದ ಹೊಂಡ ಸುಮ್ಮನೆ ನೋಡುತ್ತಿರುತ್ತದೆ. ಏರಿಗೆ ಗಣಿಯ ಕಸದ ಮಣ್ಣನ್ನೇ ಟಿಪ್ಪರ್‌ನಿಂದ ಸುರಿದಿದ್ದರು. ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತಿತ್ತು.

ಪಂಪಿನವರಿಗೆ ಇದೆಲ್ಲ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಅವರ ತಂದೆ, ತಾತ ಕೆಳಗಿನ ಊರಿನ ಕೆರೆಗೆ ನೀರುಗಂಟಿಗಳಂತೆ. ತೂಬು ಎತ್ತುವುದು, ಗದ್ದೆಗೆ ನೀರು ಹಂಚುವುದು, ಏರಿಯಲ್ಲಿ ಹೆಗ್ಗಣ ಬಿಲ ತೋಡಿದರೆ ಮುಚ್ಚುವುದು ಅವರ ಮನೆತನದ ಕೆಲಸ. ಇವರೂ ಹರೆಯದಲ್ಲಿ ಮಾಡಿದ್ದರು. ಕೊಳವೆಬಾವಿಗಳು ಬಂದವು, ಗದ್ದೆ ಹೋಗಿ ತೋಟವಾಯಿತು, ತೂಬಿಗೆ ತುಕ್ಕು ಹಿಡಿಯಿತು. ನೀರುಗಂಟಿಯನ್ನು ಕೇಳುವವರಿಲ್ಲದೆ ಇವರು ಗಣಿಯ ಪಂಪಿಗೆ ಬಂದರು. ಆ ಕೆರೆ ಹೊಂಡದಿಂದ ನೋಡಿದರೆ ಕೆಳಗೆ ಕಾಣುತ್ತಿತ್ತು. ನಡುವೆ ರಾಗಿ ಹೊಲ, ತೆಂಗಿನ ತೋಟ.

ಆಫೀಸಿಗೆ ವಾಪಸಾಗಿ ಕಂಡದ್ದನ್ನೆಲ್ಲ ಬರೆದೆ. ಯಜಮಾನರು ಕೂತು ಪೂರ್ತಿ ಓದಿದರು.

"ನೀನು ಬರ್ದಿರೋದ್ರಲ್ಲಿ ಒಂದಕ್ಷರ ತಪ್ಪಿಲ್ಲಮ್ಮ," ಎಂದರು. "ಆದ್ರೆ ನಮ್ಮನ್ನ ಕರ್ಸಿರೋದು ಗಣಿ ಮುಚ್ಚೋಕಲ್ಲ. ಮಳೆ ಮುಗಿದ್ಮೇಲೆ ಸರಿ ಮಾಡ್ತೀವಿ ಅಂದವ್ರೆ. ನಾನೇ ಹೇಳಿ ಮಾಡಿಸ್ತೀನಿ. ಈಗ ಇದಕ್ಕೆ ಸೈನ್ ಹಾಕು."

ಸರ್ಟಿಫಿಕೇಟ್ ಮೊದಲೇ ಟೈಪಾಗಿತ್ತು. ಏರಿ, ಕೋಡಿ, ಬೇಲಿ ನಕ್ಷೆಯಂತೆ ಇವೆ ಎಂದು ಅದರಲ್ಲಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ. ಐದು ಗಂಟೆ ಹತ್ತು ನಿಮಿಷ. ವಾದಕ್ಕೆ ಕೂತರೆ ಐದೂವರೆಯ ಬಸ್ಸು ತಪ್ಪುತ್ತಿತ್ತು, ಮುಂದಿನದರಲ್ಲಿ ಸೀಟು ಸಿಗುತ್ತಿರಲಿಲ್ಲ. ಸೈನ್ ಹಾಕಿದೆ. ನನ್ನನ್ನು ಯಾರೂ ಹೆದರಿಸಲಿಲ್ಲ, ಯಾರೂ ಆಮಿಷ ಒಡ್ಡಲಿಲ್ಲ. ಒಡ್ಡಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು.

ಮುಂದಿನ ವರ್ಷ ಮುಂಗಾರು ಹಿಡಿದ ಮೇಲೆ ಬೇರೆ ಅಳತೆಗೆಂದು ಅದೇ ಗಣಿಗೆ ಹೋದೆ. ಪಂಪಿನವರು ನನ್ನನ್ನು ಕಂಡು ದೂರದಿಂದಲೇ ಕೈಬೀಸಿದರು. ಹೊಂಡ ಮುಕ್ಕಾಲು ಹೂಳು ತುಂಬಿತ್ತು. ಒಂದು ಬದಿಯಲ್ಲಿ ಹೂಳಿನ ಮೇಲ್ಮೈ ಒಣಗಿ, ಬಿರುಕು ಬಿಟ್ಟು, ಕಣದ ಹಾಗೆ ಕಾಣುತ್ತಿತ್ತು. ನಾನು ಟೇಪು ಹಿಡಿದು ಅದರ ಮೇಲೆ ಕಾಲಿಡಲು ಹೋದೆ.

"ನಿಂತ್ಕೊಳ್ಳಿ!" ಎಂದು ಅವರು ಕೂಗಿದರು. ಪಕ್ಕದಿಂದ ತಲೆಗಾತ್ರದ ಕಲ್ಲೊಂದನ್ನು ಎತ್ತಿ ಅದರ ಮೇಲೆ ಎಸೆದರು. ಕಲ್ಲು ಸದ್ದಿಲ್ಲದೆ ಒಳಗೆ ಹೋಯಿತು. ತೂತಿನಿಂದ ಗಂಜಿಯಂಥ ಕೆಂಪು ಕೆಸರು ಉಕ್ಕಿ ಮತ್ತೆ ಸಮವಾಯಿತು. "ಹೋದ್ ತಿಂಗ್ಳು ಒಂದು ಹಸ ಹಿಂಗೇ ಹೋಯ್ತು. ಮೇಲೆ ಕೆನೆ, ಕೆಳಗೆ ಏನೂ ಇಲ್ಲ."

ಕಾಲನ್ನು ಹಿಂದಕ್ಕೆ ತೆಗೆದೆ. ಸುತ್ತ ನೋಡಿದೆ. ಹಸು ಹೋದ ಮೇಲೆ ಅವರೇ ಜಾಲಿಮುಳ್ಳು ಕಡಿದು ತಂದು ದಡದ ಉದ್ದಕ್ಕೂ ಹಾಕಿದ್ದರು. ನಾನಿದ್ದ ಕಡೆ ಮುಳ್ಳು ಸರಿದಿತ್ತು. ನನ್ನ ಸರ್ಟಿಫಿಕೇಟ್‌ನಲ್ಲಿ ತಂತಿಬೇಲಿ ಇತ್ತು.

"ಬನ್ನಿ, ಇನ್ನೊಂದ್ ತೋರಿಸ್ಬೇಕು," ಎಂದು ಅವರು ನನ್ನನ್ನು ಏರಿಯ ಹೊರಬುಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೆಲ ಒದ್ದೆಯಾಗಿತ್ತು, ಒಂದು ಕಡೆ ಕಿರುಬೆರಳಿನಷ್ಟು ನೀರು ಜಿನುಗುತ್ತಿತ್ತು. ಒಂದು ಕಲ್ಲಿನ ಸಂದಿಯಲ್ಲಿ ಕುಡಿಯುವ ನೀರಿನ ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ವಾರಕ್ಕೊಂದರಂತೆ ಆ ಜಿನುಗು ನೀರನ್ನು ಹಿಡಿದಿಟ್ಟಿದ್ದರಂತೆ.

"ಏರಿ ಬೆವರ್ತೈತೆ. ಬೆವರ್ಲಿ, ಯಾವ ಏರಿ ಬೆವರಲ್ಲ? ನೀರು ತಿಳಿಯಾಗಿ ಬಂದ್ರೆ ಭಯ ಇಲ್ಲ. ನಮ್ಮಪ್ಪ ಹೇಳೋರು, ಬಗ್ಗಡ ಬಂತು ಅಂದ್ರೆ ಏರಿ ತನ್ನ ಹೊಟ್ಟೆ ತಾನೇ ತಿಂತಾ ಐತೆ ಅಂತ. ಇವು ಹಳೇವು ನೋಡಿ. ಇದು ಮೊನ್ನೇದು."

ಮೊದಲ ಬಾಟಲಿಗಳು ಕುಡಿಯಬಹುದು ಎನ್ನುವಷ್ಟು ತಿಳಿಯಾಗಿದ್ದವು. ಕೊನೆಯ ಎರಡು ಟೀ ಬಣ್ಣಕ್ಕೆ ತಿರುಗಿದ್ದವು, ತಳದಲ್ಲಿ ಬೆರಳಗಲದ ಮಣ್ಣು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು. ಬಾಟಲಿಗಳ ಫೋಟೋ ತೆಗೆದೆ. ಅಲ್ಲಿಂದಲೇ ಗಣಿಯ ಮ್ಯಾನೇಜರಿಗೆ ಫೋನ್ ಮಾಡಿದೆ.

"ಮೇಡಂ, ಮಳೆಗಾಲ ಅಂದ್ಮೇಲೆ ಒದ್ದೆ ಇರಲ್ವಾ?" ಎಂದು ಅವರು ನಕ್ಕರು. "ಮಳೆ ಮುಗೀಲಿ. ನೀವೇ ಬಂದು ನಿಂತು ಮಾಡ್ಸಿ."

"ಪಂಪು ಕೆಟ್ರೆ ನೀರು ಎಲ್ಲಿ ಹೋಗತ್ತೆ? ಕೋಡಿ ಇಲ್ಲವಲ್ಲ."

"ಕೋಡಿ ಇದೆ ಅಂತ ನೀವೇ ಬರ್ಕೊಟ್ಟಿದೀರಲ್ಲ ಮೇಡಂ."

ಆಫೀಸಿಗೆ ಬಂದು ಯಜಮಾನರಿಗೆ ಇಮೇಲ್ ಬರೆದೆ, ಫೋಟೋ ಸೇರಿಸಿದೆ. ನೋಡೋಣ ಎಂದರು. ಗಣಿ ಇಲಾಖೆಗೆ ನೇರವಾಗಿ ಬರೆಯಬಹುದಿತ್ತು. ಅದರ ವಿಳಾಸ ನನ್ನ ಕಂಪ್ಯೂಟರಿನಲ್ಲೇ ಇತ್ತು. ಬರೆಯಲಿಲ್ಲ. ಬರೆದರೆ ಮೊದಲು ನನ್ನ ಸೈನೇ ನನ್ನ ಮುಖಕ್ಕೆ ಬಂದು ಬೀಳುತ್ತಿತ್ತು.

ಉತ್ತರೆ ಮಳೆ ಆ ಸಲ ಬಿಡದೆ ಹೊಡೆಯಿತು. ಮೂರನೆಯ ದಿನ ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದೆ. ಫೋನು ಬಂತು. ಪಂಪಿನವರು.

"ಪೈಪು ಕಟ್ಕೊಂಡೈತೆ. ನೀರು ಏರಿ ತಲೆ ಮುಟ್ಟೈತೆ. ಕೆಳಗೆ ಬಗ್ಗಡ ಕೊಳಾಯಿ ಬಿಟ್ಟಂಗೆ ಬರ್ತೈತೆ ಮೇಡಮ್ಮೋರೆ. ಮ್ಯಾನೇಜರ್ ಫೋನ್ ಎತ್ತಲ್ಲ."

"ಪಂಪು?"

"ಓಡ್ತೈತೆ. ಪಂಪಿಂದ ಏನಾಯ್ತದೆ? ಹೊಲ್ದಾಗೆ ಹೆಂಗಸ್ರವ್ರೆ, ಕಳೆ ಕೀಳ್ತಾವ್ರೆ. ನಾನು ಹೋಯ್ತೀನಿ."

ಫೋನು ಕಟ್ಟಾಯಿತು. ನಾನು ಪೊಲೀಸರಿಗೆ ಫೋನ್ ಮಾಡಿದೆ, ಮ್ಯಾನೇಜರಿಗೆ ಮಾಡಿದೆ, ಕೊನೆಗೆ ಯಜಮಾನರ ಕೋಣೆಗೆ ಹೋಗಿ ಹೇಳಿದೆ. ಬೇರೆ ಏನು ಮಾಡಬಹುದಿತ್ತೋ ಇವತ್ತಿಗೂ ತಿಳಿಯದು. ಆ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮಾಡಬೇಕಾದ ಹೊತ್ತು ಒಂದು ವರ್ಷದ ಹಿಂದೆಯೇ ಮುಗಿದಿತ್ತು.

ಮುಂದಿನದನ್ನು ನಾನು ಆ ಹೆಂಗಸರ ಬಾಯಲ್ಲೇ ಕೇಳಿದೆ. ಹೊಲದಲ್ಲಿ ಒಂಬತ್ತು ಜನ ಇದ್ದರು. ಮಳೆ ಕೊಂಚ ಬಿಟ್ಟಿತೆಂದು ಇಳಿದಿದ್ದರು. ಮೇಲಿನಿಂದ ಒಬ್ಬ ಮನುಷ್ಯ ಟವೆಲ್ಲು ಬೀಸುತ್ತ, ಬೀಳುತ್ತ ಏಳುತ್ತ ಓಡಿಬರುವುದು ಕಂಡಿತು. ಮೊದಲಿಗೆ ಕುಡಿದಿದ್ದಾನೆ ಎಂದುಕೊಂಡರಂತೆ. "ಏರಿ ಒಡೀತೈತೆ, ದಿಣ್ಣೆಗೆ ಹತ್ತ್ರೇ!" ಎಂದು ಕೂಗಿದ್ದು ಕೇಳಿಸಿದಾಗಲೂ ಇಬ್ಬರು ಕುಡುಗೋಲು ಹುಡುಕುತ್ತ ನಿಂತರು. ಆ ಇಬ್ಬರ ರಟ್ಟೆ ಹಿಡಿದು ಪಂಪಿನವರು ಎಳೆದುಕೊಂಡು ಹೋದರು. ದಿಣ್ಣೆ ಹತ್ತಿ ತಿರುಗಿ ನೋಡುವಷ್ಟರಲ್ಲಿ ಏರಿಯ ನಡು ಕುಸಿದು, ಆ ಬಾಯಿಂದ ಕೆಂಪು ಕೆಸರು ನುಗ್ಗಿತು. ನೀರಿನ ಹಾಗೆ ಹರಿಯಲಿಲ್ಲ, ಮುದ್ದೆ ಹಿಟ್ಟು ಉಕ್ಕಿದ ಹಾಗೆ ಉರುಳುತ್ತ ಬಂತು ಎಂದು ಒಬ್ಬ ಹೆಂಗಸು ಹೇಳಿದಳು. ರಾಗಿ ಮುಚ್ಚಿತು. ಕಟ್ಟಿಹಾಕಿದ್ದ ಎರಡು ಎಮ್ಮೆ ಹೋದವು. ತೆಂಗಿನ ಸಸಿಗಳ ತುದಿ ಮಾತ್ರ ಉಳಿಯಿತು. ಕೆಸರು ಕೆರೆಗೆ ಹೋಗಿ ಸೇರಿತು. ಒಂಬತ್ತು ಹೆಂಗಸರೂ ದಿಣ್ಣೆಯ ಮೇಲೆ ಬದುಕಿದ್ದರು.

ವಿಚಾರಣೆ ಗಣಿಯ ಆಫೀಸಿನಲ್ಲೇ ನಡೆಯಿತು. ಉದ್ದನೆಯ ಮೇಜು, ಬಿಸ್ಕತ್ತಿನ ತಟ್ಟೆಗಳು. ಇಲಾಖೆಯ ಒಬ್ಬ ಅಧಿಕಾರಿ, ಬರೆದುಕೊಳ್ಳುವವರೊಬ್ಬರು, ಮ್ಯಾನೇಜರು, ನಮ್ಮ ಯಜಮಾನರು, ನಾನು. ಪಂಪಿನವರನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ಅಧಿಕಾರಿಯ ಮುಂದೆ ನನ್ನ ಸರ್ಟಿಫಿಕೇಟ್ ಇತ್ತು. ಅದು ಹೇಳುವಂತೆ ಏರಿ ಸರಿಯಿತ್ತು, ಕೋಡಿ ಸರಿಯಿತ್ತು. ಹಾಗಾದರೆ ತಪ್ಪು ಮನುಷ್ಯರದೇ ಆಗಬೇಕಿತ್ತು. ಕೊಚ್ಚಿಹೋದ ಏರಿಯನ್ನು ಈಗ ಅಳೆಯುವಂತೆಯೂ ಇರಲಿಲ್ಲ.

"ಪಂಪ್ ಬಿಟ್ಟು ಓಡಿಹೋದ ಸಾರ್," ಎಂದರು ಮ್ಯಾನೇಜರು. "ಪಂಪ್ ಓಡ್ತಾ ಇದ್ದಿದ್ರೆ ನೀರು ಅಷ್ಟು ಏರ್ತಿರ್ಲಿಲ್ಲ."

ಅಧಿಕಾರಿ ಬಾಗಿಲ ಕಡೆ ನೋಡಿದರು. "ಡ್ಯೂಟೀಲಿ ಇದ್ದೋನು ಪಂಪ್ ಬಿಟ್ಟು ಯಾಕೆ ಹೋದೆ?"

"ಓಡ್ತಾ ಇತ್ತು ಸ್ವಾಮಿ, ನಿಲ್ಸಿರ್ಲಿಲ್ಲ. ಕೆಳಗೆ ಹೆಂಗಸ್ರಿದ್ರು."

"ಬಿಟ್ಟು ಹೋದೆಯೋ ಇಲ್ವೋ?"

"ಹೋದೆ."

ಅದನ್ನು ಬರೆದುಕೊಂಡರು. ಆಮೇಲೆ ಅಧಿಕಾರಿ ನನ್ನ ಕಡೆ ಕಾಗದ ತಿರುಗಿಸಿದರು. "ಈ ಸೈನ್ ನಿಮ್ದೇನಾ?"

"ಹೌದು ಸಾರ್," ಎಂದೆ. ಕೋಡಿ ಇರಲೇ ಇಲ್ಲ ಎಂಬ ಮುಂದಿನ ವಾಕ್ಯ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಪಂಪಿನವರು ನನ್ನನ್ನೇ ನೋಡುತ್ತಿದ್ದರು. ಬೇಡುವ ನೋಟವಲ್ಲ, ಇನ್ನೇನು ಹೇಳುತ್ತಾಳೆ ಎಂಬ ನಂಬಿಕೆಯ ನೋಟ. ಯಜಮಾನರು ಮೇಜಿನ ಮೇಲಿದ್ದ ಫೈಲನ್ನು ಮೆಲ್ಲಗೆ ಮುಚ್ಚಿದರು, ಅಷ್ಟೇ. "ಸರಿ, ಊಟ ಮಾಡೋಣ," ಎಂದರು ಅಧಿಕಾರಿ. ಕುರ್ಚಿಗಳು ಸರಿದವು. ನಾನೂ ಎದ್ದೆ. ಬಾಗಿಲು ದಾಟುವಾಗ ಪಂಪಿನವರು ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

ಅವತ್ತು ಅಧಿಕಾರಿ, ಮ್ಯಾನೇಜರ ಜೊತೆ ಕೂತು ನಾನು ಅನ್ನ ಸಾರು ಉಂಡೆ. ಇದನ್ನು ಬರೆಯದೆ ಬಿಡಬಹುದಿತ್ತು.

ಪಂಪಿನವರನ್ನು ಕೆಲಸದಿಂದ ತೆಗೆದ ಸುದ್ದಿ ಒಂದು ವಾರದಲ್ಲಿ ಬಂತು. ಅದಾದ ಮೇಲೆ ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ. ಹೊಂಡ ಹೇಗಿತ್ತು, ನಾನು ಏನು ಕಂಡೆ, ಏನೆಂದು ಸೈನ್ ಹಾಕಿದೆ ಎಲ್ಲವನ್ನೂ ಬರೆದು, ಬಾಟಲಿಗಳ ಫೋಟೋ ಅಂಟಿಸಿ, ಇಲಾಖೆಗೆ ನಾನೇ ತೆಗೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಓದದೆ ಮೊಹರು ಒತ್ತಿ ಒಂದು ಪ್ರತಿ ನನಗೆ ಕೊಟ್ಟರು. ವಿಚಾರಣೆಯ ರಿಪೋರ್ಟ್ ಮೇಲಕ್ಕೆ ಹೋಗಿ ಆಗಿದೆ, ಇದನ್ನು ಅದರ ಜೊತೆ ಸೇರಿಸ್ತೀವಿ ಎಂದರು. ಸೇರಿಸಿದರೋ ಇಲ್ಲವೋ, ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ. ಯಜಮಾನರಿಗೆ ಮಾತ್ರ ಎರಡೇ ದಿನದಲ್ಲಿ ತಿಳಿಯಿತು. ಆಗಲೂ ಅವರು ಸಿಟ್ಟು ಮಾಡಲಿಲ್ಲ. "ನಾಳೆಯಿಂದ ರೆಸ್ಟ್ ತಗೋಮ್ಮ," ಎಂದರು.

ಆ ಪ್ರತಿಯನ್ನು ಹಿಡಿದು ನಾನು ಪಂಪಿನವರ ಮನೆಗೆ ಹೋದೆ. ನಿಟ್ಟೂರಿನಲ್ಲಿ ಬಸ್ಸಿಳಿದು ಆಟೊ ಹಿಡಿಯಬೇಕು. ಅವರು ಜಗಲಿಯ ಮೇಲೆ ಕೂತು ತೆಂಗಿನಗರಿ ಸೀಳುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ನಿಂತೇ ಕಾಗದ ಓದಿ ಹೇಳಿದೆ. ಪಂಪಿನವರು ಕೊನೆಯವರೆಗೂ ಕೇಳಿದರು.

"ಈಗ ಬರ್ದ್ರಾ?"

"ಹೂಂ."

"ಕೆಲ್ಸ?"

"ಹೋಯ್ತು."

"ಆಗ ಹೇಳಿದ್ರೆ ನಂದೊಬ್ಬಂದು ಉಳೀತಿತ್ತೋ ಏನೋ. ಈಗ ಹೇಳಿ ಇಬ್ರದ್ದೂ ಹೋಯ್ತು." ಗರಿ ಸೀಳುವುದನ್ನು ನಿಲ್ಲಿಸದೆ ಹೇಳಿದರು. ದನಿಯಲ್ಲಿ ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರ ಹೆಂಡತಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದರು. "ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ ಕಣವ್ವ," ಎಂದರು. "ಸೈನ್ ಮಾಡೋಕೆ ಎಷ್ಟೊತ್ತು ಹಿಡೀತದೆ?"

ನಾನು ಕಾಗದ ಮಡಚಿದೆ. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದು ಜಗಲಿಯ ತುದಿಯಲ್ಲಿಟ್ಟರು. ಕುಡಿದು ಬಂದೆ.

ಗಣಿ ಕೆಲವು ತಿಂಗಳು ನಿಂತಿತ್ತು, ಮತ್ತೆ ಶುರುವಾಯಿತು. ಹೊಸ ಹೊಂಡ ಕಟ್ಟಿದರು. ಈ ಸಲ ಉದ್ದನೆಯ ಹೊಂಡ, ರೋಲರ್ ಓಡಿಸಿದ ಏರಿ, ಕಲ್ಲು ಹಾಸಿದ ಕೋಡಿ, ತಂತಿಬೇಲಿ. ನಾನು ರಸ್ತೆಯಿಂದ ನೋಡಿ ಬಂದೆ. ನನ್ನದೇ ನಕ್ಷೆ, ಅಳತೆ ಕೂಡ ಬದಲಾಗಿಲ್ಲ. ಮೂಲೆಯಲ್ಲಿ ಹೆಸರು ಮಾತ್ರ ಬೇರೆ ಇದೆಯಂತೆ. ಈ ಹೊಂಡ ಸರಿಯಾಗಿ ಕೆಲಸ ಮಾಡುತ್ತಿದೆ. ಅದಕ್ಕೆ ಸಂತೋಷಪಡಬೇಕು ಎಂದು ನನಗೆ ನಾನೇ ಹಲವು ಸಲ ಹೇಳಿಕೊಂಡಿದ್ದೇನೆ. ಆದರೆ ಇದು ಮೊದಲ ಸಲವೇ ಮಾಡಬಹುದಾಗಿದ್ದ ಕೆಲಸ.

ನಾನೀಗ ಒಂದು ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ದಿನ ಡ್ರಾಯಿಂಗ್ ಹೇಳಿಕೊಡುತ್ತೇನೆ. ಪಂಪಿನವರು ಅವರಿವರ ತೋಟಗಳಿಗೆ ನೀರು ಹಾಯಿಸುತ್ತಾರೆ. ಅಪರೂಪಕ್ಕೆ ಫೋನಿನಲ್ಲಿ ಮಾತಾಡುತ್ತೇವೆ, ಸ್ನೇಹ ಎನ್ನುವುದಕ್ಕಾಗದು. ಹೊಲಕ್ಕೆ ಬಿದ್ದ ಕೆಸರನ್ನು ಗಣಿಯವರು ಮೇಲೆ ಮೇಲೆ ಕೆರೆದು ತೆಗೆದರು. ಕೆರೆಯೊಳಗೆ ಹೋದದ್ದನ್ನು ಯಾರೂ ಮುಟ್ಟಲಿಲ್ಲ.

ಹೋದ ವರ್ಷ ಮಳೆ ಅಷ್ಟಕ್ಕಷ್ಟೆ. ಆದರೂ ಆ ಕೆರೆ ಎಲ್ಲ ಕೆರೆಗಳಿಗಿಂತ ಮೊದಲೇ ತುಂಬಿತು. ದೊಡ್ಡವರು ಬಂದು ಬಾಗಿನ ಬಿಟ್ಟರು, ಪೇಪರಿನಲ್ಲಿ ಫೋಟೋ ಬಂತು, ಹೆಂಗಸರು ಸೆರಗು ಹೊದ್ದು ಸಾಲಾಗಿ ನಿಂತಿದ್ದರು. ನಾನು ಪಂಪಿನವರಿಗೆ ಫೋನ್ ಮಾಡಿ ಕೇಳಿದೆ.

"ತುಂಬ್ದೆ ಏನು ಮೇಡಮ್ಮೋರೆ? ಆಳ ಎಲ್ಲೈತೆ? ತಟ್ಟೆಗೆ ಎಷ್ಟು ನೀರು ಬೇಕು?" ಎಂದರು.

ಸಂಕ್ರಾಂತಿಗೆ ಮುಂಚೆಯೇ ಅದು ಬತ್ತಿತು. ಈಗ ಊರಿನವರು ಅದರಲ್ಲಿ ದನ ಬಿಡಲು ಹೆದರುತ್ತಾರಂತೆ, ಮೇಲೆ ಒಣಗಿ ಗಟ್ಟಿಯಾಗಿ ಕಾಣುವ ನೆಲವನ್ನು ನಂಬುವ ಹಾಗಿಲ್ಲ ಎಂದು.